ಕಾಜಕ್ಕನ ಬಾಗಿಲ ಮುಂದೆ ಮೂರನೇ ಕೊಲೆ

ಅಂಗಿಯ ಗುಂಡಿ ತೂರಿಸುವ ತೂತಿಗೆ ಕಾಜ ಹಾಕುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಐವತ್ತು ವರ್ಷ ಅದೇ ಕೆಲಸ, ಅದೇ ಬೀದಿ. ನರೆತ ತಲೆಯ ಟೈಲರುಗಳೂ ಆಕೆಯನ್ನು ಕಾಜಕ್ಕ ಅಂತಲೇ ಕರೆಯುತ್ತಿದ್ದರು.

ಆಕೆಗೊಬ್ಬ ತಂಗಿಯಿದ್ದಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಇಪ್ಪತ್ಮೂರನೇ ವಯಸ್ಸಿನಲ್ಲಿ, ಕೆಲಸ ಮುಗಿಸಿ ಬರುವಾಗ, ಮನೆ ಹತ್ತು ಹೆಜ್ಜೆ ಇದೆ ಎನ್ನುವಲ್ಲಿ ಅವಳನ್ನು ಒಬ್ಬ ಇರಿದು ಕೊಂದ. ಮದುವೆಯಾಗು ಅಂತ ಎರಡು ವರ್ಷ ಬೆನ್ನು ಬಿದ್ದಿದ್ದವನು. ಅವಳು ಆಗಲ್ಲ ಅಂದಿದ್ದಳು, ಅಷ್ಟೇ. ಅವನು ಜೈಲಲ್ಲೇ ಸತ್ತ. ಮನೆ ಬದಲಿಸಿ ಅಂದವರಿಗೆ ಕಾಜಕ್ಕ, "ಮನೆ ಬಿಡೋಕೆ ನಾವೇನು ಕೊಲೆ ಮಾಡಿದೀವಾ?" ಅಂದು ಅಲ್ಲೇ ಉಳಿದಳು.

ನಲವತ್ತೆಂಟು ವರ್ಷ ಕಳೆದ ಮೇಲೆ, ನಿವೃತ್ತ ಮೇಷ್ಟ್ರೊಬ್ಬರು ಕೋರ್ಟಿನ ಕಾಗದ, ಹಳೇ ಪತ್ರಿಕೆಗಳನ್ನೆಲ್ಲ ಕೆದಕಿ, ಊರಿನ ಹಿಂದಿನ ಕೊಲೆಗಳು ನಡೆದ ಜಾಗ ತೋರಿಸುವ ನಡಿಗೆ ಶುರುಮಾಡಿದರು. ಪ್ರತಿ ಭಾನುವಾರ ಬೆಳಿಗ್ಗೆ, ಇಪ್ಪತ್ತು ಮೂವತ್ತು ಜನ. ಮೊದಲನೆಯದು ಸೇತುವೆ, ಎರಡನೆಯದು ಹಳೇ ಗೋದಾಮು, ಮೂರನೆಯದು ಕಾಜಕ್ಕನ ಬಾಗಿಲು.

ಮೊದಲ ಭಾನುವಾರ ಆಕೆಗೆ ಕಿಟಕಿಯಲ್ಲಿ ಮೇಷ್ಟ್ರ ಮಾತು ಕೇಳಿಸಿತು. "ಕೊಂದವನು ಒಳ್ಳೆ ಮನೆತನದವನು, ಕೊಳಲು ನುಡಿಸ್ತಿದ್ದ. ಪ್ರೇಮ ಮುರಿದುಬಿದ್ದು ತಲೆ ಕೆಟ್ಟಿತ್ತು. ಹುಡುಗಿ ಸ್ವಲ್ಪ ಚಂಚಲೆ."

ಕಾಜಕ್ಕ ಕೈಯಲ್ಲಿದ್ದ ಕತ್ತರಿ ಸಮೇತ ಹೊರಗೆ ಬಂದಳು.

"ಪ್ರೇಮ ಇತ್ತು ಅಂತ ಯಾರು ಹೇಳಿದ್ದು ಮೇಷ್ಟ್ರೇ?"

"ಅವನೇ, ಕೋರ್ಟಲ್ಲಿ. ದಾಖಲೆ ಇದೆ ತಾಯಿ."

"ಕೊಂದವನ ಮಾತು ನಂಬಿದ್ರಿ. ಅವಳ ಅಕ್ಕ ಇದೇ ಮನೇಲಿ ಬದುಕಿದಾಳೆ. ಬಾಗಿಲು ತಟ್ಟೋಕೆ ಕೈ ನೋಯ್ತಿತ್ತಾ?"

ಮೇಷ್ಟ್ರ ಮುಖ ಸಪ್ಪಗಾಯಿತು. "ನೋವಾಗಿದ್ರೆ ಇನ್ಮೇಲೆ ಈ ಬೀದಿಗೆ ಬರಲ್ಲ ಬಿಡಿ."

"ಬರಬೇಡಿ ಅಂತ ನಾನೆಲ್ಲಿ ಅಂದೆ? ಬನ್ನಿ. ಅವಳ ವಿಷಯ ನಾನು ಹೇಳ್ತೀನಿ."

ಮುಂದಿನ ವಾರ ಮೇಷ್ಟ್ರು ಬೀದಿಯ ಮೂಲೆಯಲ್ಲೇ ಜನರನ್ನು ನಿಲ್ಲಿಸಿ ಪಿಸುದನಿಯಲ್ಲಿ ಕಥೆ ಮುಗಿಸಲು ನೋಡಿದರು. ಕಾಜಕ್ಕ ಸ್ಟೂಲು ಎತ್ತಿಕೊಂಡು ಅಲ್ಲಿಗೇ ಹೋಗಿ ಕೂತು, ನಡುನಡುವೆ ಅವರ ಮಾತು ತಿದ್ದಿದಳು. ಅದರ ಮುಂದಿನ ವಾರ ಅವರು ಅಂಚೆ ಕಚೇರಿ ಹತ್ತಿರ ನಿಂತರು. ಮಂಡಿ ನೋವಿದ್ದರೂ ಅಲ್ಲಿಗೂ ಹೋದಳು. ಕೊನೆಗೆ ಮೇಷ್ಟ್ರು ದೂರು ಕೊಟ್ಟರು. ಮಹಿಳಾ ಪೊಲೀಸೊಬ್ಬಳು ಮನೆಗೆ ಬಂದು, "ಅಜ್ಜಿ, ಅವರಿಗೆ ಅಡ್ಡಿ ಮಾಡಬಾರದಂತೆ," ಅಂದಳು.

"ರಸ್ತೇಲಿ ನಿಂತು ಮಾತಾಡೋಕೆ ಅವರಿಗೆ ಯಾರ ಅಪ್ಪಣೆ ಇದೆಯೋ ನನಗೂ ಅವರದ್ದೇ ಇದೆ. ಬಾ ಇಲ್ಲಿ, ನಿನ್ನ ತೋಳಿನ ಕಾಜ ಹರಿದಿದೆ."

ಪೊಲೀಸಿನವಳು ಕಾಜ ಹಾಕಿಸಿಕೊಂಡು ನಗುತ್ತ ಹೋದಳು.

ಅಷ್ಟರಲ್ಲಿ ನಡಿಗೆಗೆ ಬಂದವರೇ 'ಆ ಅಜ್ಜಿ ಎಲ್ಲಿ' ಅಂತ ಕೇಳತೊಡಗಿದ್ದರು. ಮೇಷ್ಟ್ರು ಒಬ್ಬರೇ ಬಂದು ಬಾಗಿಲು ತಟ್ಟಿದರು. "ನೀವೇ ಹೇಳಿ, ಹತ್ತು ನಿಮಿಷ. ಆದ್ರೆ ಕೊಲೆ ಹೇಗಾಯ್ತು ಅಂತಾನೂ ಹೇಳ್ಬೇಕು. ಜನ ಬರೋದೇ ಅದಕ್ಕೆ."

"ಅದೊಂದು ಹೇಳಲ್ಲ."

ಆ ಭಾನುವಾರ ಆಕೆ ಬದುಕಿದ್ದ ತಂಗಿಯ ಬಗ್ಗೆ ಹೇಳಿದಳು. ಅಕ್ಕನ ಹೊಸ ಚಪ್ಪಲಿ ಕೇಳದೆ ಹಾಕಿಕೊಂಡು ಹೋಗುತ್ತಿದ್ದವಳು. ದಿನಕ್ಕೆ ಎಂಟು ಗಂಟೆ ಕೂರುವ ಆಪರೇಟರುಗಳಿಗೆ ಬೆನ್ನು ಒರಗಿಸುವ ಕುರ್ಚಿ ಕೊಡಿ ಅಂತ ಮೇಲಧಿಕಾರಿಯ ಎದುರು ಪಟ್ಟು ಹಿಡಿದು ಕೊಡಿಸಿದವಳು. ಹಾಡಿದರೆ ಅಕ್ಕಪಕ್ಕದವರು ಕಿಟಕಿ ಮುಚ್ಚುತ್ತಿದ್ದರು. "ಬೇಡ ಅಂತ ಅವನ ಮುಖಕ್ಕೇ ಹೇಳಿದ್ಲು, ಒಂದಲ್ಲ ಐದು ಸಲ. ಇದಕ್ಕೆ ಚಂಚಲ ಅಂತಾರಾ?"

ಟೋಪಿ ಹಾಕಿದ್ದ ಒಬ್ಬ ಕೇಳಿದ, "ಎಷ್ಟು ಸಲ ಇರಿದ?"

"ಅದು ಅವನ ಕಥೆ. ನಾನು ಹೇಳ್ತಿರೋದು ಅವಳ ಕಥೆ."

ಅವನು ಮೂಗು ಮುರಿದು ಹೊರಟ. ಉಳಿದವರು ಕದಲಲಿಲ್ಲ. ಹೀಗೆ ಆರು ವರ್ಷ ನಡೆಯಿತು.

ಕೊನೆಗೆ ಮೇಷ್ಟ್ರು ಪುಸ್ತಕ ಅಚ್ಚು ಹಾಕಿಸಿದಾಗ ಚಂಚಲೆ ಅನ್ನುವ ಮಾತನ್ನು ತೆಗೆದಿದ್ದರು. ಆದರೆ ಅಧ್ಯಾಯದ ತಲೆಬರಹ 'ಪ್ರೇಮ ಪ್ರಕರಣ' ಅಂತಲೇ ಇತ್ತು. ಕಾಜಕ್ಕ ಲೈಬ್ರರಿಗೆ ಹೋಗಿ, ಅಲ್ಲಿದ್ದ ಮೂರೂ ಪ್ರತಿಗಳಲ್ಲಿ ಅದನ್ನು ಶಾಯಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಗುಂಡಗಿನ ಅಕ್ಷರದಲ್ಲಿ 'ಕೊಲೆ' ಅಂತ ಬರೆದಳು. ಲೈಬ್ರರಿಯವರು ಆಕೆಯ ಸದಸ್ಯತ್ವ ರದ್ದು ಮಾಡಿದರು.

"ಮಾಡ್ಲಿ," ಅಂದಳು ಕಾಜಕ್ಕ. "ನಾನು ಓದಬೇಕಾಗಿದ್ದು ಓದಿ ಆಯ್ತು. ಇನ್ನು ಬೇರೆಯವರು ಓದ್ಲಿ."