ಮಣ್ಣಿಲ್ಲದೆ ಬಂದ ಮಲ್ಲಿಗೆ

ಗೆಳೆಯರೇ, ನಾನು ಬರೆದ ಪೇಟೆಂಟಿಗೆ ಇವತ್ತು ನಮ್ಮ ಮನೆಯಲ್ಲೇ ತಕರಾರು ಬಂತು.

ಊರಿನ ಗಿಡವೇ ಬೇಕೆಂದು ಅತ್ತೆ ಹಟ ಹಿಡಿದಿದ್ದಕ್ಕೆ ಮೈಸೂರಿನ ನರ್ಸರಿಯಿಂದ ಮುಂಬೈನ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಮಲ್ಲಿಗೆ ತರಿಸಿದ್ದೆ. ಅದು ಬಂದ ಡಬ್ಬಕ್ಕೆ ಪೇಟೆಂಟ್ ಇದೆ. ಪರೇಲಿನ ಆಫೀಸಿನಲ್ಲಿ ಕೂತು, ಅದನ್ನು ಕಂಡುಹಿಡಿದವರ ಪರವಾಗಿ ಅರ್ಜಿ ಬರೆದವಳು ನಾನೇ. ಹಾಗಾಗಿ ತುಸು ಜಂಬದಿಂದಲೇ ಬಿಚ್ಚಿದೆ. ಒಂದು ಎಲೆಯೂ ಬಾಡಿರಲಿಲ್ಲ.

ಅತ್ತೆ ಎಲೆ ನೋಡಲೇ ಇಲ್ಲ. ಬಗ್ಗಿ ಬೇರು ಮೂಸಿದರು.

“ಮಣ್ಣೆಲ್ಲೇ?”

“ಮಣ್ಣಿಲ್ಲ ಅತ್ತೆ, ಅದೇ ಇದರ ವಿಶೇಷ. ಬೇರು ತೊಳೆದು ಒದ್ದೆ ಜೆಲ್‌ನಲ್ಲಿ ಇಡ್ತಾರೆ. ಭಾರ ಇಲ್ಲ, ಗಲೀಜಿಲ್ಲ.”

“ಗಲೀಜಾ? ಗಿಡ ಇಲ್ಲೇ ಮಾಟುಂಗದಲ್ಲೂ ಸಿಗ್ತಿತ್ತು ಕಣೇ. ನಂಗೆ ಬೇಕಾಗಿದ್ದು ಆ ಮಣ್ಣು.”

ಅರ್ಜಿಯಲ್ಲಿ ಮಣ್ಣನ್ನು ‘ಅನಗತ್ಯ ವಸ್ತು’ ಎಂದು ಬರೆದವಳೂ ನಾನೇ.

ಸಂಜೆ, ನಾದಿನಿ ಊರಿಂದ ತಂದಿದ್ದ ಹಸಿ ಕಡಲೆಕಾಯಿಯನ್ನು ಬೇಯಿಸಲೆಂದು ತೊಳೆಯುತ್ತಿದ್ದೆ. ಅತ್ತೆ ಓಡಿ ಬಂದು ನನ್ನ ಕೈ ಹಿಡಿದರು.

“ಆ ನೀರು ಚೆಲ್ಬೇಡ!”

ಪಾತ್ರೆಯ ಕೆಂಪು ನೀರನ್ನು ಒಂದು ಹನಿಯೂ ಬಿಡದೆ ಮಧ್ಯಾಹ್ನವಷ್ಟೇ ಮಲ್ಲಿಗೆ ನೆಟ್ಟಿದ್ದ ಕುಂಡಕ್ಕೆ ಸುರಿದರು. ಆಮೇಲೆ ಕಿಟಕಿಯ ಗ್ರಿಲ್ ಹತ್ತಿರ ನಿಂತು, ಒದ್ದೆ ಬೆರಳುಗಳನ್ನು ಮೂಗಿಗೆ ಹಿಡಿದರು. ಅವರಿಗೆ ಕಾಣದ ಹಾಗೆ ನಾನೂ ನನ್ನ ಬೆರಳು ಮೂಸಿದೆ.

ಊರಿಂದ ಮುಂಬೈಗೆ ಬರುವವರು ಯಾರಾದರೂ ಇದ್ದರೆ ಕಡಲೆಕಾಯಿ ತನ್ನಿ. ದಯವಿಟ್ಟು ತೊಳೆದು ತರಬೇಡಿ.