ಮಿಗತೆ ಮೇಸ್ತ್ರಿಯ ತಿಮಿಂಗಿಲ

ಬಡಗಿ ಮೇಸ್ತ್ರಿಯನ್ನು ಊರೆಲ್ಲ ಮಿಗತೆ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಕೆಲಸದಲ್ಲಿ ಅವನ ಕೈ ಚೆನ್ನಾಗಿಯೇ ಇತ್ತು. ಆದರೆ ಏನನ್ನೇ ಬಿಚ್ಚಿ ಜೋಡಿಸಲಿ, ಕೊನೆಗೆ ಏನಾದರೊಂದು ಕೈಯಲ್ಲಿ ಉಳಿದುಬಿಡುತ್ತಿತ್ತು. ಪಕ್ಕದ ಮನೆಯವರ ಮಂಚ ಜೋಡಿಸಿದಾಗ ಹಲಗೆ ಉಳಿಯಿತು. ಮಾವನ ಕುರ್ಚಿ ರಿಪೇರಿ ಮಾಡಿದಾಗ ಕಾಲೇ ಉಳಿಯಿತು. ಮಾವ ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ. ಮನೆಯ ಮಿಕ್ಸಿ ಬಿಚ್ಚಿ ಜೋಡಿಸಿದಾಗ ಉಳಿದ ಎರಡು ಸ್ಕ್ರೂಗಳನ್ನು ಹೆಂಡತಿ ಡಬ್ಬಿಯಲ್ಲಿ ಜೋಪಾನವಾಗಿಟ್ಟು, ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದಳು.

ಇಂಥವನ ಕೈಗೆ ತಿಮಿಂಗಿಲ ಸಿಕ್ಕಿತು.

ಕಡಲ ದಂಡೆಯಲ್ಲಿ ಸಮುದ್ರದ ಬಗ್ಗೆಯೇ ಕಲಿಸುವ ಹೊಸ ವಿಶ್ವವಿದ್ಯಾಲಯ ಏಳುತ್ತಿತ್ತು. ಹಾಸ್ಟೆಲಿಗೆ ಇನ್ನೂ ಬಾಗಿಲಿರಲಿಲ್ಲ, ಪ್ರಯೋಗಾಲಯದ ತುಂಬ ಮರಳು, ಮೀನಿನ ತೊಟ್ಟಿಯಲ್ಲಿ ಸಿಮೆಂಟ್ ಚೀಲಗಳು. ಉದ್ಘಾಟನೆಗೆ ಬರುವವರಿಗೆ ತೋರಿಸಲು ಏನಾದರೂ ಬೇಕಲ್ಲ! ಮುಂದಿನ ದೊಡ್ಡ ಹಜಾರದಲ್ಲಿ ತಿಮಿಂಗಿಲದ ಅಸ್ಥಿಪಂಜರವನ್ನು ತೂಗುಹಾಕುವುದೆಂದಾಯಿತು.

"ಇದನ್ನ ಸರಿಯಾಗಿ ಮಾಡಿಕೊಟ್ರೆ ನಮ್ಮ ವರ್ಕ್‌ಶಾಪ್‌ನಲ್ಲಿ ನಿಮಗೆ ಕಾಯಂ ಕೆಲಸ," ಎಂದರು ಪ್ರೊಫೆಸರ್ ಮೇಡಂ. ಪಾಪ, ಅವರು ಊರಿಗೆ ಹೊಸಬರು. ಅವನ ಅಡ್ಡಹೆಸರು ಅವರ ಕಿವಿಗೆ ಬಿದ್ದಿರಲಿಲ್ಲ.

ಮೇಸ್ತ್ರಿ ಈ ಸಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದ. ಮೂಳೆಗಳ ಮೇಲಿನ ನಂಬರು ನೋಡಿಕೊಂಡು ತಲೆಯಿಂದ ಬಾಲದವರೆಗೂ ಜೋಡಿಸಿದ. ಏಣಿಯಿಳಿದು, ಸೊಂಟಕ್ಕೆ ಕೈಯಿಟ್ಟು, ಹೆಮ್ಮೆಯಿಂದ ಮೇಲೆ ನೋಡಿದ. ಆಮೇಲೆ ಕೆಳಗೆ ನೋಡಿದ. ಕೊನೆಯ ಪೆಟ್ಟಿಗೆಯ ತಳದಲ್ಲಿ ನಂಬರಿಲ್ಲದ ಎರಡು ಮೂಳೆ! ಕೇಳಿದರೆ ಮಾನ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಎರಡನ್ನೂ ಚೀಲಕ್ಕೆ ತುರುಕಿ ಮನೆಗೆ ಒಯ್ದು ಮಂಚದಡಿ ಅಡಗಿಸಿದ.

ಉದ್ಘಾಟನೆಯ ಬೆಳಿಗ್ಗೆ ಗೇಟಿನಲ್ಲಿ ವಾಚ್‌ಮನ್ನನ ನಾಯಿಯನ್ನು ಕಟ್ಟಿಹಾಕಲಾಗಿತ್ತು.

"ಯಾಕಪ್ಪಾ, ಏನ್ ಮಾಡ್ತು?" ಎಂದ ಮೇಸ್ತ್ರಿ.

"ತಿಮಿಂಗಿಲದ್ದು ಎರಡು ಮೂಳೆ ತಿಂದುಬಿಟ್ಟಿದೆಯಂತೆ. ಮೇಡಂಗೆ ಎಲ್ಲಿಲ್ಲದ ಸಿಟ್ಟು," ಎಂದ ವಾಚ್‌ಮನ್.

ಮೇಸ್ತ್ರಿಗೆ ನಾಯಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಏಕೆಂದರೆ ಆ ಎರಡೂ ಮೂಳೆ ಆ ಹೊತ್ತಿಗೆ ಅವನ ಅಂಗಿಯೊಳಗೇ ಇದ್ದವು. ಜನ ಬರುವ ಮೊದಲು ಏಣಿ ಹತ್ತಿ ಯಾವುದಾದರೂ ಸಂದಿಗೆ ಸಿಕ್ಕಿಸಿಬಿಡೋಣ ಎಂದು ತಂದಿದ್ದ. ಆದರೆ ಹಜಾರದಲ್ಲಿ ಆಗಲೇ ಜನ ತುಂಬಿದ್ದರು. ಪಕ್ಕೆಗೊಂದು ಮೂಳೆ ಒತ್ತಿಹಿಡಿದು, ಬಗ್ಗಲಾಗದೆ ಉಸಿರಾಡಲಾಗದೆ, ಮೊದಲ ಸಾಲಿನಲ್ಲೇ ಸೆಟೆದು ನಿಂತ.

ಮೇಡಂ ಅವನನ್ನು ಅತಿಥಿಗಳಿಗೆ ಪರಿಚಯಿಸುತ್ತಿದ್ದರು. ಅಷ್ಟರಲ್ಲಿ ಹಗ್ಗ ಕಿತ್ತುಕೊಂಡ ನಾಯಿ ಗಾಳಿಯಂತೆ ಒಳನುಗ್ಗಿ ನೇರವಾಗಿ ಮೇಸ್ತ್ರಿಯ ಅಂಗಿಗೇ ಬಾಯಿ ಹಾಕಿತು. ಗುಂಡಿಗಳು ಹಾರಿದವು. ಟಣ್, ಟಣ್ ಎಂದು ಎರಡೂ ಮೂಳೆ ಅತಿಥಿಗಳ ಕಾಲಬಳಿ ಬಿದ್ದವು.

"ಉಳಿದುಬಿಟ್ವು ಮೇಡಂ," ಎಂದ ಮೇಸ್ತ್ರಿ, ಹರಿದ ಅಂಗಿ ಹಿಡಿದುಕೊಂಡು. "ನನ್ನ ಹಣೆಬರಹಾನೇ ಇಷ್ಟು. ಪಾಪ, ನಾಯಿದೇನೂ ತಪ್ಪಿಲ್ಲ."

ಮೇಡಂ ಮೂಳೆಗಳನ್ನೆತ್ತಿ ಎದೆಗವಚಿಕೊಂಡರು.

"ಅಯ್ಯೋ, ಇವು ಸೊಂಟದ ಮೂಳೆ ಕಣ್ರೀ! ತಿಮಿಂಗಿಲದ ಪೂರ್ವಜರಿಗೆ ಕಾಲಿತ್ತು. ಕಾಲು ಹೋಯ್ತು, ಇವು ಉಳ್ಕೊಂಡ್ವು. ಬೆನ್ನುಮೂಳೆಗೆ ಸೇರೋದೇ ಇಲ್ಲ, ಸುಮ್ನೆ ಮಾಂಸದೊಳಗೆ ಇರ್ತವೆ. ಕೊನೇಲಿ ನಾನೇ ತಂತೀಲಿ ತೂಗುಹಾಕೋಣ ಅಂತಿದ್ದೆ, ಅದಕ್ಕೇ ನಂಬರು ಹಾಕಿರಲಿಲ್ಲ."

"ಅಂದ್ರೆ... ಮಿಗತೆ?"

"ಒಂಥರಾ ಮಿಗತೇನೇ."

ಮೇಸ್ತ್ರಿ ತಲೆಯೆತ್ತಿ ತಿಮಿಂಗಿಲವನ್ನು ನೋಡಿದ. ಅಷ್ಟು ದೊಡ್ಡ ಪ್ರಾಣಿ, ಅದಕ್ಕೂ ಎರಡು ಉಳಿದಿವೆ! ಖುಷಿಗೆ ಅವನ ಕಣ್ಣು ತುಂಬಿತು. ಸೋಮವಾರದಿಂದ ಕೆಲಸಕ್ಕೆ ಬನ್ನಿ ಎಂದು ಮೇಡಂ ಹೇಳಿದ್ದು ಸರಿಯಾಗಿ ಕೇಳಿಸಲೂ ಇಲ್ಲ.

ಮನೆಗೆ ಬಂದವನು ಎಲ್ಲವನ್ನೂ ಹೆಂಡತಿಗೆ ಒಂದೇ ಉಸಿರಿಗೆ ಹೇಳಿದ. ಡಬ್ಬಿಯಿಂದ ಎರಡೂ ಸ್ಕ್ರೂ ತೆಗೆದು, ತಂತಿ ಕಟ್ಟಿ, ಮಿಕ್ಸಿಯ ಎರಡೂ ಪಕ್ಕ ತೂಗುಹಾಕಿದ. ಅವಳು ಸ್ವಿಚ್ ಒತ್ತಿದಳು. ಮಿಕ್ಸಿ ಕಿಮಕ್ಕೆನ್ನಲಿಲ್ಲ.

"ಹೋಗ್ಲಿ ಬಿಡಿ," ಎಂದು ಅವಳು ನಕ್ಕು, ಡಬ್ಬಿ ತೊಳೆದು ಸಕ್ಕರೆ ತುಂಬಿಟ್ಟಳು.

ಈಗ ನೆಂಟರು ಬಂದರೆ ಅವಳು ಮಿಕ್ಸಿಯನ್ನೇ ತೋರಿಸುತ್ತಾಳೆ. "ನಮ್ಮ ಯಜಮಾನ್ರು ಜೋಡಿಸಿದ್ದು. ತಿಮಿಂಗಿಲ ಜೋಡಿಸಿದ್ರಲ್ಲ, ಅವರೇ."