ಗೋಡೆ ಕಡೆಗಿದ್ದ ಮುಖ

ಊರವರು ಅವಳನ್ನು ಕಟ್ಟಿನಕ್ಕ ಎನ್ನುತ್ತಿದ್ದರು. ಗಂಡ ಪಟಗಳಿಗೆ ಕಟ್ಟು ಹಾಕುವವನು; ಅವನ ಎದೆ ಕೆಟ್ಟು ಕೆಮ್ಮು ಹತ್ತಿದ ಮೇಲೆ ಸುತ್ತಿಗೆ ಇವಳ ಕೈಗೆ ಬಂತು. ಕಚೇರಿ ಗೋಡೆಗಳಿಗೆ ನಾಯಕರು ಹೋಗುತ್ತಿದ್ದುದೆಲ್ಲ ಇದೇ ಅಂಗಡಿಯಿಂದ.

ಮೊದಲು ಅಧಿಕಾರಕ್ಕೆ ಬಂದವರು ಗಿರಣಿ, ಅಂಗಡಿ, ಬಸ್ಸು ಎಲ್ಲವೂ ಎಲ್ಲರದು ಎಂದರು. ಜನ ಹೆಗಲ ಮೇಲೆ ಹೊತ್ತು ಕುಣಿದರು. ಇಪ್ಪತ್ತು ವರ್ಷದಲ್ಲಿ ಸೋಪಿಗೂ ಸಾಲು ನಿಲ್ಲುವಂತಾಯಿತು, ಕುಣಿದವರೇ ಉಗಿದರು. ಆಮೇಲೆ ಬಂದವರು ಎಲ್ಲವನ್ನೂ ಮಾರಿದರೆ ಬದುಕು ಹಸನಾಗುತ್ತದೆ ಎಂದರು. ಸೋಪೇನೋ ಬೇಕಾದಷ್ಟು ಬಂತು, ಗಿರಣಿಗೆ ಬೀಗ ಬಿತ್ತು. ಕೆಲಸ ಹೋದವರು ಹಳೆಯವರೇ ವಾಸಿಯಾಗಿದ್ದರು ಎಂದು ಪಿಸುಗುಟ್ಟತೊಡಗಿದರು. ಹಾಗೆಂದವರನ್ನು ಜೀಪು ಹೊತ್ತೊಯ್ಯುತ್ತಿತ್ತು. ಹಳೆಯ ನಾಯಕನ ಪಟ ಇಟ್ಟುಕೊಂಡವರನ್ನೂ.

ಆದರೆ ಹೊಸಬರು ಬಂದ ಹೊಸದರಲ್ಲಿ ಪಟದ ಬೆನ್ನಿಗೆ ಕೊಡಲು ರಟ್ಟೇ ಸಿಗುತ್ತಿರಲಿಲ್ಲ. ಗೋಡೆಯಿಂದ ಇಳಿದ ಹಳೆಯ ನಾಯಕನನ್ನೇ ಅವಳು ಹೊಸಬನ ಬೆನ್ನಿಗೆ ಕೊಡುತ್ತಿದ್ದಳು, ಮುಖ ಒಳಗೆ ಮಾಡಿ. ಮೇಲೊಂದು ಕಾಗದ ಅಂಟಿಸಿದರೆ ಮುಗಿಯಿತು.

ಆ ದಿನ ದೊಡ್ಡ ಕಚೇರಿಯ ಸಾಹೇಬರು ಹೇಳಿಕಳಿಸಿದರು: ಪಟದ ಗಾಜು ಬಿರುಕು ಬಿಟ್ಟಿದೆ, ಮಧ್ಯಾಹ್ನ ಮೇಲಿನವರು ಬರುತ್ತಾರೆ. ಬೇಡವೆಂದರೂ ಗಂಡ ಕೆಮ್ಮುತ್ತ ಜೊತೆಗೆ ಬಂದ. ಅವಳು ಪಟವನ್ನು ಸಾಹೇಬರ ಮೇಜಿನ ಮೇಲೆ ಬೋರಲು ಹಾಕಿ ಹಿಂಬದಿಯ ಕಾಗದ ಹರಿದಳು. ಹಳೆಯ ನಾಯಕ ಮೀಸೆಯಡಿ ನಗುತ್ತಿದ್ದ. ಹೊಸ ಸರ್ಕಾರ ಬಂದ ವಾರ ಒಂದೇ ದಿನ ನಲವತ್ತು ಪಟ ಕಟ್ಟಿದ ಅವಸರದಲ್ಲಿ ಇದೊಂದನ್ನು ಮಗುಚಿ, ಮುಖ ಹೊರಗಾಗಿ ಇಟ್ಟುಬಿಟ್ಟಿದ್ದಳು.

"ಏನಮ್ಮ, ನಿಂತೇಬಿಟ್ಟೆ?" ಎನ್ನುತ್ತ ಸಾಹೇಬರು ಹತ್ತಿರ ಬಂದರು.

ಗಂಡ ಕೆಮ್ಮು ನುಂಗಿ ಬಾಯಿ ತೆರೆದ. ತಪ್ಪನ್ನು ತಲೆಗೆ ಕಟ್ಟಿಕೊಳ್ಳಲು ಹೊರಟಿದ್ದಾನೆಂದು ಅವಳಿಗೆ ತಿಳಿಯಿತು. ಲಾಕಪ್ಪಿನ ಥಂಡಿಯಲ್ಲಿ ಎರಡು ದಿನ ಉಳಿಯುವ ಜೀವವಲ್ಲ ಅದು.

"ಇವರಿಗೆ ಇದ್ಯಾವ್ದೂ ಗೊತ್ತಿಲ್ಲ ಸ್ವಾಮಿ. ಕಟ್ಟಿದ್ದು ನಾನು."

ಸಾಹೇಬರಿಗೆ ಅದು ಕೇಳಿಸಲೇ ಇಲ್ಲ. ಆ ಮುಖ ಕಂಡಿದ್ದೇ ತಡ, ಅವರ ಹಿಮ್ಮಡಿಗಳು ತಾವಾಗಿ ಕೂಡಿಕೊಂಡಿದ್ದವು, ಬಲಗೈ ಹಣೆಗೆ ಏರಿಬಿಟ್ಟಿತ್ತು. ಇದೇ ಮುಖಕ್ಕೆ ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಹೊಡೆದ ಸಲ್ಯೂಟು. ಕೈ ಅಲ್ಲೇ ನಿಂತಿತು. ಅವರು ಅವಳನ್ನು ನೋಡಿದರು. ಅವಳು ಆ ಕೈಯನ್ನು ನೋಡುತ್ತಿದ್ದಳು.

"ನೀನೇನು ನೋಡ್ದೆ?" ಎಂದರು ಮೆಲ್ಲಗೆ.

"ಸೆಕೆ ಸ್ವಾಮಿ. ಬೆವರು ಒರೆಸ್ಕೊಂಡ್ರಿ."

"ನಾನೇನು ನೋಡ್ದೆ?"

"ರಟ್ಟು."

ಸಾಹೇಬರು ಹೋಗಿ ಬಾಗಿಲ ಚಿಲಕ ಹಾಕಿದರು. ಅವಳು ಗಾಜು ಬದಲಿಸಿ, ಹಳಬನ ಮುಖ ಒಳಗೆ ಮಾಡಿ, ಎಂಟು ಮೊಳೆ ಸಾಕಾಗುವ ಕಟ್ಟಿಗೆ ಹದಿನಾರು ಹೊಡೆದಳು. ಪಟ ಗೋಡೆಗೇರಿತು. ಕೂಲಿ ಕೇಳಲಿಲ್ಲ. ಗಂಡನ ರಟ್ಟೆ ಹಿಡಿದು, ಓಡಬೇಕೆನ್ನುವ ಕಾಲುಗಳನ್ನು ತಡೆದು, ಒಂದೊಂದೇ ಮೆಟ್ಟಿಲು ಇಳಿದಳು.